ಕರಗುವ ಹೊಲಿಗೆ, ಕರಗದ ಕವರು

ಹೆರಿಗೆಯೋ ಮತ್ತೊಂದು ಆಪರೇಷನ್ನೋ ಆಗಿ ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ನಮ್ಮ ಹೆಣ್ಣುಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಹೊಲಿಗೆ ಬಿಚ್ಚಿಸೋಕೆ ಯಾವತ್ತು ಬರಬೇಕು ಡಾಕ್ಟ್ರೇ?" ಎಷ್ಟೋ ಸಲ ಬರುವ ಉತ್ತರ, "ಬರಬೇಕಿಲ್ಲಮ್ಮ, ಅದು ತಾನಾಗಿ ಕರಗಿ ಹೋಗುತ್ತೆ." ಅಷ್ಟು ಕೇಳಿ ನಾವು ನೆಮ್ಮದಿಯಿಂದ ಮನೆಗೆ ಬರುತ್ತೇವೆ. ಆ ದಾರ ಯಾವುದು, ಅದು ಹೇಗೆ ಕರಗುತ್ತದೆ, ಗಾಯ ಕೂಡುವ ಮೊದಲೇ ಕರಗಿಬಿಟ್ಟರೆ ಏನು ಗತಿ ಎಂದು ಕೇಳುವವರು ಕಡಿಮೆ. ಹಸುಗೂಸು ಮಡಿಲಲ್ಲಿರುವಾಗ ಅದನ್ನೆಲ್ಲ ಕೇಳಲು ಪುರುಸೊತ್ತಾದರೂ ಎಲ್ಲಿರುತ್ತದೆ!

ಆ ದಾರ ಬಹುಮಟ್ಟಿಗೆ ಒಂದು ಬಗೆಯ ಪ್ಲಾಸ್ಟಿಕ್ಕೇ. ಇದು ಗೊತ್ತಾದ ದಿನ ನನಗೆ ಬಹಳ ಆಶ್ಚರ್ಯವಾಯಿತು. ನಾನು ಸಮಾಜ ಪಾಠ ಹೇಳುವವಳು. ರಸಾಯನಶಾಸ್ತ್ರಕ್ಕೂ ನನಗೂ ಪಿಯುಸಿಗೆ ಮೊದಲೇ ಋಣ ತೀರಿತ್ತು. ಆದರೆ ರಾಜಮಹಾರಾಜರಿಗೆ ಇರುವ ಹಾಗೆ ವಸ್ತುಗಳಿಗೂ ಇತಿಹಾಸ ಇರುತ್ತದೆ. ಈ ದಾರದ ಇತಿಹಾಸವಂತೂ ಕಥೆಯ ಹಾಗಿದೆ.

ಮೊದಲು ಒಳಗಿನ ಹೊಲಿಗೆಗೆ ಕುರಿ ದನಗಳ ಕರುಳಿನಿಂದ ಮಾಡಿದ ದಾರ ಹಾಕುತ್ತಿದ್ದರು. ಅದು ಕರಗುತ್ತಿದ್ದುದೇನೋ ನಿಜ, ಆದರೆ ಒಬ್ಬರ ಮೈಯಲ್ಲಿ ಬೇಗ, ಇನ್ನೊಬ್ಬರ ಮೈಯಲ್ಲಿ ತಡ. ಇತ್ತ 1930ರ ದಶಕದಲ್ಲಿ, ಮುಂದೆ ನೈಲಾನ್ ಕಂಡುಹಿಡಿದ ಅಮೆರಿಕದ ವ್ಯಾಲೇಸ್ ಕರೋದರ್ಸ್, ಮೊಸರಿನ ಹುಳಿಯಾದ ಲ್ಯಾಕ್ಟಿಕ್ ಆಮ್ಲವನ್ನು ಸರಪಳಿಯಂತೆ ಪೋಣಿಸಿ ಪ್ಲಾಸ್ಟಿಕ್ಕಿನಂಥ ವಸ್ತು ಮಾಡಲು ನೋಡಿದ್ದ. ಕಬ್ಬಿನ ರಸದಲ್ಲೂ ಇರುವ ಗ್ಲೈಕಾಲಿಕ್ ಆಮ್ಲದಿಂದಲೂ ಹೀಗೆಯೇ ಮಾಡಬಹುದಿತ್ತು. ಆದರೆ ಈ ಎರಡಕ್ಕೂ ಒಂದು ದೋಷವಿತ್ತು: ನೀರಿನ ಪಸೆ ತಗುಲಿದರೆ ಸರಪಳಿ ಕಳಚಿಕೊಳ್ಳುತ್ತಿತ್ತು. ನೀರು ಸೋಕಿದರೆ ಹಾಳಾಗುವ ಪ್ಲಾಸ್ಟಿಕ್ಕನ್ನು ಯಾರು ಕೊಳ್ಳುತ್ತಾರೆ? ಅದು ಮೂಲೆಗೆ ಬಿತ್ತು. ಸುಮಾರು 30 ವರ್ಷ ಕಳೆದ ಮೇಲೆ ಎಡ್ವರ್ಡ್ ಸ್ಮಿಟ್ ಮತ್ತು ರೋಕೊ ಪೊಲಿಸ್ಟಿನಾ ಎಂಬ ಇಬ್ಬರು ಅದೇ ದೋಷವನ್ನು ಗುಣವೆಂದು ಕಂಡರು. ಮೈಯೊಳಗೆ ನೀರಲ್ಲದೆ ಮತ್ತೇನಿದೆ? 1967ರಲ್ಲಿ ಗ್ಲೈಕಾಲಿಕ್ ಆಮ್ಲದ ಹೊಲಿಗೆ ದಾರಕ್ಕೆ ಪೇಟೆಂಟ್ ಸಿಕ್ಕಿತು. 1970ರ ದಶಕದಲ್ಲಿ ಡೆಕ್ಸಾನ್, ವಿಕ್ರಿಲ್ ಎಂಬ ಹೆಸರಿನ ದಾರಗಳು ಆಸ್ಪತ್ರೆಗಳಿಗೆ ಬಂದವು.

ವಿಕ್ರಿಲ್‌ನಲ್ಲಿ ಒಂಬತ್ತು ಪಾಲು ಗ್ಲೈಕಾಲಿಕ್, ಒಂದು ಪಾಲು ಲ್ಯಾಕ್ಟಿಕ್. ಹಾಕಿದ ಎರಡು ವಾರಕ್ಕೆ ಅದರ ಬಲದಲ್ಲಿ ಮುಕ್ಕಾಲು ಪಾಲು ಉಳಿದಿರುತ್ತದೆ, ಮೂರು ವಾರಕ್ಕೆ ಸುಮಾರು ಅರ್ಧ. 56ರಿಂದ 70 ದಿನದೊಳಗೆ ದಾರವೇ ಇರುವುದಿಲ್ಲ. ಗಾಯ ಕೂಡುವವರೆಗೆ ಹಿಡಿದುಕೊಂಡಿದ್ದು, ಆಮೇಲೆ ನೀರು ಮತ್ತು ಇಂಗಾಲದ ಡೈ ಆಕ್ಸೈಡ್ ಆಗಿ ಮೈಯಿಂದ ಹೊರಟುಹೋಗುತ್ತದೆ. ಆಮ್ಲಗಳ ಪಾಕ ಬದಲಾಯಿಸಿದರೆ ಕರಗುವ ಗಡುವೂ ಬದಲಾಗುತ್ತದೆ. ಹೋಳಿಗೆಗೆ ಹೂರಣ ಎಷ್ಟು, ಕಣಕ ಎಷ್ಟು ಎಂದು ತೂಗುವ ಹಾಗೆ ಈ ದಾರದಲ್ಲಿ ಕಾಲವನ್ನು ತೂಗಿ ಇಟ್ಟಿದ್ದಾರೆ. ಪ್ಲಾಸ್ಟಿಕ್ಕು ಹೇಳಿದ ಹೊತ್ತಿಗೆ ಕರಗಬೇಕು ಎಂಬ ಆಸೆ ಮೊದಲು ಈಡೇರಿದ್ದು ಒಂದು ಚೂರು ದಾರದಲ್ಲಿ. ಅದೇ ಆಸೆಯನ್ನು ಬೀದಿಗೂ ಹೊಲಕ್ಕೂ ತರಲು ಹೊರಟಾಗ ಏನೇನಾಯಿತು ಎಂಬುದೇ ನಾನು ಹೇಳಬೇಕೆಂದಿರುವ ಸಂಗತಿ.

ನಾನು ಹುಟ್ಟಿ ಬೆಳೆದದ್ದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಸಂಸಾರ ಹೂಡಿದ್ದು ಚಾಮರಾಜನಗರದಲ್ಲಿ. ನನ್ನ ಬಾಲ್ಯದಲ್ಲಿ ಸಂತೆಗೆ ಹೋಗುವವರ ಹೆಗಲಲ್ಲಿ ಹಳೆಯ ಪಂಚೆಯ ಬಟ್ಟೆಯಿಂದ ಹೊಲಿದ ಚೀಲ ಇರುತ್ತಿತ್ತು. ಬೆಲ್ಲ ಕಾಗದದ ಪೊಟ್ಟಣದಲ್ಲಿ, ಹೂವು ಬಾಳೆ ಎಲೆಯಲ್ಲಿ, ಎಣ್ಣೆ ನಾವೇ ಒಯ್ದ ಸೀಸೆಯಲ್ಲಿ. ಮದುವೆ ಮನೆಗಳಲ್ಲಿ ಮುತ್ತುಗದ ಎಲೆ. ಮಳೆಗಾಲ ಬರುವ ಮೊದಲು ಅಮ್ಮ, ಅತ್ತೆ, ಪಕ್ಕದ ಮನೆಯವರು ಜಗುಲಿಯ ಮೇಲೆ ಕುಳಿತು ಎಲೆ ಹಚ್ಚುತ್ತಿದ್ದರು. ಉಂಡು ಎಸೆದ ಎಲೆಯನ್ನು ದನ ತಿನ್ನುತ್ತಿತ್ತು, ಉಳಿದದ್ದು ತಿಪ್ಪೆ ಸೇರಿ ಮುಂದಿನ ವರ್ಷ ರಾಗಿ ಹೊಲಕ್ಕೆ ಹೋಗುತ್ತಿತ್ತು. ಆಗಿನ ಕಾಲವೇ ಚೆನ್ನಾಗಿತ್ತು ಎಂದು ಹಾಡಲು ನಾನು ಇದನ್ನು ಬರೆಯುತ್ತಿಲ್ಲ. ಎಲೆ ಹಚ್ಚಿ ಬೆರಳು ಒರಟಾದದ್ದು ಹೆಂಗಸರದೇ, ಎಣ್ಣೆ ಸೀಸೆ ಒಡೆದರೆ ಬೈಸಿಕೊಂಡದ್ದೂ ನಾವೇ.

ಕೈಚೀಲದ ಹಾಗೆ ಹಿಡಿ ಇರುವ ಪ್ಲಾಸ್ಟಿಕ್ ಕವರಿಗೆ 1965ರಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಪೇಟೆಂಟ್ ಪಡೆದ. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ, ಒಂದೇ ಕವರನ್ನು ಮತ್ತೆ ಮತ್ತೆ ಬಳಸಲಿ ಎಂಬುದು ಅವನ ಉದ್ದೇಶವಾಗಿತ್ತೆಂದು ಅವನ ಮಗ ಮುಂದೆ ಹೇಳಿದ್ದುಂಟು. ಕವರಿನ ಮೂಲವಸ್ತು ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ್ದು. ಹೊಲಿಗೆ ದಾರದ ಸರಪಳಿಯಲ್ಲಿ ನೀರು ಕೈ ಹಾಕಬಹುದಾದ ಕೊಂಡಿಗಳಿದ್ದರೆ, ಇದರದು ಇಂಗಾಲಕ್ಕೆ ಇಂಗಾಲ ಬೆಸೆದ ನುಣ್ಣನೆಯ ಸರಪಳಿ. ನೀರಿಗೆ ಹಿಡಿತ ಸಿಗುವುದಿಲ್ಲ, ಸೂಕ್ಷ್ಮಜೀವಿಗಳಿಗೆ ಕಚ್ಚಲು ಜಾಗವಿಲ್ಲ.

ನಮ್ಮೂರಿನ ಅಂಗಡಿಗಳಿಗೆ ಅದು ಸಲೀಸಾಗಿ ಸಿಗತೊಡಗಿದ್ದು 1980ರ ದಶಕ ಮುಗಿಯುವ ಹೊತ್ತಿಗೆ. ಮೊದಮೊದಲು ಅದನ್ನು ತೊಳೆದು, ಒಣಗಿಸಿ, ಮಡಿಸಿ ಹಾಸಿಗೆ ಕೆಳಗೆ ಇಡುತ್ತಿದ್ದೆವು. ಐದಾರು ವರ್ಷದಲ್ಲಿ ಬೇಲಿಯ ಮುಳ್ಳಿನ ತುಂಬ ಅದೇ. 1997ರ ಆಗಸ್ಟ್ 15ರಂದು ಚಾಮರಾಜನಗರ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅಂಗಡಿಗಳು ಹೆಚ್ಚಿದವು, ಕವರುಗಳೂ ಹೆಚ್ಚಿದವು. ಆ ಸುಮಾರಿಗೇ ನಮ್ಮ ತವರಿನ ಹಸು ಮೇವು ಬಿಟ್ಟು, ಹೊಟ್ಟೆ ಉಬ್ಬಿ, ಒಂಬತ್ತು ದಿನ ನರಳಿ ಸತ್ತಿತು. ಹೊಟ್ಟೆ ಕುಯ್ದು ನೋಡಿದಾಗ ಒಂದು ಮಂಕರಿಯಷ್ಟು ಕವರು ಹಗ್ಗದಂತೆ ಹುರಿಗೊಂಡು ಕುಳಿತಿತ್ತು. ನನ್ನ ಹೆರಿಗೆಗೆ, ಬಾಣಂತನಕ್ಕೆ ಹಾಲು ಕೊಟ್ಟ ಹಸು. ಕಲ್ಲಿನಂಥ ಜೋಳದ ದಂಟನ್ನೂ ಅರಗಿಸುವ ಅದರ ಹೊಟ್ಟೆಗೆ ಹಗುರಾದ ಕವರನ್ನು ಅರಗಿಸಲಾಗಲಿಲ್ಲ. ಅಮ್ಮ ಅಂದಿನಿಂದ ಅನ್ನದ ಮುಸುರೆಯನ್ನು ಕವರಿನಲ್ಲಿ ಕಟ್ಟಿ ಎಸೆಯುವವರನ್ನು ಕಂಡರೆ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ನಮ್ಮ ಕಡೆಯವರಿಗೆ ಪ್ಲಾಸ್ಟಿಕ್ ನಿಷೇಧ ಎಂದರೇನು ಎಂದು ಮೊದಲು ಗೊತ್ತಾದದ್ದು ಊಟಿಯಿಂದ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿದರೆ ನೀಲಗಿರಿ. 2000ದ ಸುಮಾರಿಗೆ ಅಲ್ಲಿನ ಜಿಲ್ಲಾಧಿಕಾರಿಯಾಗಿದ್ದ ಸುಪ್ರಿಯಾ ಸಾಹು ಎಂಬ ಹೆಣ್ಣುಮಗಳು ಇಡೀ ಜಿಲ್ಲೆಯಲ್ಲಿ ಕವರುಗಳನ್ನು ನಿಲ್ಲಿಸಲು ಹೊರಟರು. ಶಾಲೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಚಿತ್ರಾನ್ನ ಯಾವುದರಲ್ಲಿ ಕಟ್ಟಿಕೊಳ್ಳಬೇಕು ಎಂಬುದೇ ನಮ್ಮ ದೊಡ್ಡ ಚರ್ಚೆಯಾಗಿತ್ತು. ಕರ್ನಾಟಕದಲ್ಲಿ ಕವರು, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿದ್ದು 2016ರ ಮಾರ್ಚ್ 11ರಂದು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ಕೇಂದ್ರದ ನಿಷೇಧ ಬಂದದ್ದು 2022ರ ಜುಲೈ 1ರಂದು.

ನಿಷೇಧ ಬಂದ ಮೇಲೆ ಅಂಗಡಿಗಳಲ್ಲಿ ಹೊಸದೊಂದು ಕವರು ಕಾಣಿಸಿಕೊಂಡಿತು. ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ಡಿಗ್ರೇಡಬಲ್ ಎಂಬ ಅಕ್ಷರ. ಬಟ್ಟೆ ಅಂಗಡಿಯೊಂದರಲ್ಲಿ ನಾನು ಬೇಡವೆಂದಾಗ ಅಲ್ಲಿನ ಹುಡುಗ, "ಇದು ಕರಗೋ ಕವರು ಮೇಡಂ, ಮಣ್ಣಾಗುತ್ತೆ" ಎಂದ. ಮಣ್ಣಾಗುತ್ತದೆ ಎಂದರೆ ನಮಗೆ ಇನ್ನೇನು ಬೇಕು! ಆದರೆ ಈ ಮಾತಿಗೂ ಒಂದು ಇತಿಹಾಸವಿದೆ, ಅದು ಅಷ್ಟು ಒಳ್ಳೆಯದಲ್ಲ.

1970ರ ಆಸುಪಾಸಿನಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಜೇಮ್ಸ್ ಗಿಯೆ ಎಂಬ ರಸಾಯನ ವಿಜ್ಞಾನಿ, ಬಿಸಿಲು ತಾಗಿದರೆ ಮುರಿಯುವಂಥ ಕೊಂಡಿಗಳನ್ನು ಪ್ಲಾಸ್ಟಿಕ್ಕಿನ ಸರಪಳಿಯಲ್ಲಿ ಸೇರಿಸಿದ. ಮನೆಯೊಳಗೆ ಇರುವವರೆಗೆ ಗಟ್ಟಿ, ಬೀದಿಗೆ ಬಿದ್ದರೆ ಬಿಸಿಲಿಗೆ ಪುಡಿ. ಉಪಾಯ ಚೆನ್ನಾಗಿತ್ತು. ಅದೇ ದಶಕದಲ್ಲಿ ಇಂಗ್ಲೆಂಡಿನ ಬ್ರೂನೆಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಗ್ರಿಫಿನ್, ಪಾಲಿಥೀನಿಗೆ ಪಿಷ್ಟ, ಅಂದರೆ ನಮ್ಮ ಗಂಜಿಯಲ್ಲಿರುವ ವಸ್ತು, ಬೆರೆಸಿ ಕವರು ಮಾಡಿದ. ಇನ್ನೊಬ್ಬ ಜೆರಾಲ್ಡ್, ಆಸ್ಟನ್ ವಿಶ್ವವಿದ್ಯಾಲಯದ ಜೆರಾಲ್ಡ್ ಸ್ಕಾಟ್, ಕಬ್ಬಿಣವೇ ಮೊದಲಾದ ಲೋಹಗಳ ಲವಣಗಳನ್ನು ಚಿಟಿಕೆಯಷ್ಟು ಸೇರಿಸಿ, ಗಾಳಿ ಬಿಸಿಲುಗಳಿಂದ ಪ್ಲಾಸ್ಟಿಕ್ಕು ಬೇಗ ಲಡ್ಡಾಗುವಂತೆ ಮಾಡಿದ. ನನಗೆ ಕಂಡ ಹಾಗೆ ಇವರು ಯಾರೂ ಮೋಸಗಾರರಲ್ಲ. ಬೀದಿಯ ಕಸ ಕಂಡು ನೊಂದವರೇ. ಮೋಸ ನುಸುಳಿದ್ದು ಮಾರುವ ಹಂತದಲ್ಲಿ. ಪಿಷ್ಟ ಬೆರೆತ ಕವರಿನಲ್ಲಿ ಸೂಕ್ಷ್ಮಜೀವಿಗಳು ಪಿಷ್ಟವನ್ನು ಮಾತ್ರ ತಿಂದು ಮುಗಿಸುತ್ತವೆ; ಪಾಲಿಥೀನು ಜರಡಿಯ ಹಾಗೆ ಹಾಗೇ ಉಳಿಯುತ್ತದೆ. ಲೋಹ ಬೆರೆತದ್ದು ಚೂರು ಚೂರಾಗುತ್ತದೆ, ಚೂರು ಕಣ್ಣಿಗೆ ಕಾಣದಷ್ಟಾಗುತ್ತದೆ. ಕಾಣದಿದ್ದರೆ ಇಲ್ಲವೆಂದೇ ಲೆಕ್ಕವೇ? ಕಸವನ್ನು ಚಾಪೆಯ ಕೆಳಗೆ ಗುಡಿಸುವ ಸೊಸೆಯನ್ನು ನಮ್ಮ ಅತ್ತೆಯರು ಎರಡು ದಿನದಲ್ಲಿ ಪತ್ತೆ ಹಚ್ಚುತ್ತಿದ್ದರು. ಸರ್ಕಾರಗಳಿಗೆ ಇಷ್ಟು ವರ್ಷ ಬೇಕಾಯಿತು.

ಅಮೆರಿಕದಲ್ಲಿ ಮೊಬಿಲ್ ಕಂಪನಿ ತನ್ನ ಹೆಫ್ಟಿ ಕಸದ ಚೀಲಗಳನ್ನು ಕರಗುವಂಥವು ಎಂದು ಜಾಹೀರಾತು ಮಾಡಿ ಮಾರಿತ್ತು. ಕಸದ ಗುಂಡಿಯ ಒಳಗೆ ಬಿಸಿಲೂ ಇಲ್ಲ ಗಾಳಿಯೂ ಇಲ್ಲ, ಕರಗುವುದೆಲ್ಲಿಂದ ಬಂತು ಎಂದು 1990ರಲ್ಲಿ ಹಲವು ರಾಜ್ಯಗಳು ಅದನ್ನು ಕೋರ್ಟಿಗೆ ಎಳೆದವು. ಆದರೂ ಆ ಮಾತು ಬೇರೆ ಬೇರೆ ಹೆಸರಿನಲ್ಲಿ ಊರೂರು ತಿರುಗುತ್ತಲೇ ಇತ್ತು. ಲೋಹದ ಲವಣ ಸೇರಿಸಿ ಚೂರಾಗಿಸುವ ಪ್ಲಾಸ್ಟಿಕ್ಕನ್ನು ಯುರೋಪಿನ ಒಕ್ಕೂಟ 2019ರಲ್ಲಿ ಕಾನೂನು ಮಾಡಿ, 2021ರಿಂದ ಮಾರುಕಟ್ಟೆಯಿಂದಲೇ ಹೊರಗಿಟ್ಟಿತು. ನಮ್ಮ ದೇಶದಲ್ಲಿ 2024ರ ಮಾರ್ಚ್‌ನಲ್ಲಿ ನಿಯಮ ತಿದ್ದಿ, ಜೈವಿಕವಾಗಿ ಕರಗುವ ಪ್ಲಾಸ್ಟಿಕ್ ಎನ್ನಬೇಕಾದರೆ ಅದು ಹಿಂದೆ ಸೂಕ್ಷ್ಮ ಪ್ಲಾಸ್ಟಿಕ್ ಚೂರುಗಳನ್ನು ಉಳಿಸಬಾರದು ಎಂದು ಸ್ಪಷ್ಟಪಡಿಸಿದರು. ಚೂರಾಗುವುದು ಬೇರೆ, ಕರಗುವುದು ಬೇರೆ ಎಂದು ಕಾಗದದ ಮೇಲೆ ಬರೆಯಲು ಗಿಯೆಯ ಕಾಲದಿಂದ ಲೆಕ್ಕ ಹಾಕಿದರೆ 50 ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಹಾಗಾದರೆ ನಿಜವಾಗಿ ಕರಗುವ ಪ್ಲಾಸ್ಟಿಕ್ಕು ಬರೀ ಕನಸೇ ಎಂದರೆ, ಅಲ್ಲ. ಅದು ಪಾಲಿಥೀನಿಗಿಂತಲೂ ಮೊದಲೇ ಸಿಕ್ಕಿತ್ತು. 1926ರಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಮೊರಿಸ್ ಲೆಮಾನ್ಯ ಎಂಬಾತ ಮಣ್ಣಿನ ಬ್ಯಾಕ್ಟೀರಿಯಾ ಒಂದರ ಹೊಟ್ಟೆಯಲ್ಲಿ ಪಾಲಿಯೆಸ್ಟರ್ ಜಾತಿಯ ವಸ್ತುವಿನ ಕಾಳುಗಳನ್ನು ಕಂಡ. ಪಿಎಚ್‌ಬಿ ಎಂದು ಅದರ ಹೆಸರು. ನಮ್ಮ ಹಿರಿಯರು ಸುಗ್ಗಿಯಲ್ಲಿ ಹಗೇವಿಗೆ ರಾಗಿ ತುಂಬಿ ಬರಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರಲ್ಲ, ಈ ಬ್ಯಾಕ್ಟೀರಿಯಾದ ಬುದ್ಧಿಯೂ ಅದೇ. ಸಕ್ಕರೆಯಂಥ ಆಹಾರ ಹೇರಳವಾಗಿದ್ದು ಸಾರಜನಕ ಕಡಿಮೆಯಾದಾಗ ಅದು ಮುಂದಿನ ದಿನಕ್ಕೆಂದು ಪ್ಲಾಸ್ಟಿಕ್ಕನ್ನು ಹೊಟ್ಟೆಯಲ್ಲಿ ಕೂಡಿಡುತ್ತದೆ. ತಾನೇ ಕೂಡಿಟ್ಟದ್ದನ್ನು ತಾನೇ ತಿನ್ನುತ್ತದೆ; ಅದು ಸತ್ತರೆ ಮಣ್ಣಿನಲ್ಲಿರುವ ದಾಯಾದಿಗಳು ತಿನ್ನುತ್ತವೆ.

1990ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಇದೇ ಜಾತಿಯ ವಸ್ತುವನ್ನು ಬಯೋಪಾಲ್ ಎಂಬ ಹೆಸರಿನಲ್ಲಿ ಮಾಡಿತು. ಜರ್ಮನಿಯಲ್ಲಿ ಶಾಂಪೂ ಬಾಟಲಿಯಾಗಿಯೂ ಬಂತು. ಆದರೆ ಬೆಲೆ ಮಾಮೂಲಿ ಪ್ಲಾಸ್ಟಿಕ್ಕಿನ ಹಲವು ಪಟ್ಟು. ಕಂಪನಿಯಿಂದ ಕಂಪನಿಗೆ ಕೈ ಬದಲಾಗಿ, ಕೊನೆಗೆ ಆ ಹೆಸರೇ ಮರೆತುಹೋಯಿತು. ನನಗೆ ಹೆಚ್ಚು ಸಂತೋಷ ಕೊಟ್ಟ ವಿಷಯ ಬೇರೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ, ಮಕ್ಕಳ ಆಹಾರಕ್ಕೂ ಇಡ್ಲಿ ದೋಸೆಯ ಯಂತ್ರಕ್ಕೂ ಹೆಸರಾದ ಅದೇ ಸಂಸ್ಥೆಯಲ್ಲಿ, ಟಿ. ಆರ್. ಶಾಮಲಾ ಮತ್ತು ಅವರ ಸಂಗಡಿಗರು ಇಂಥ ಪ್ಲಾಸ್ಟಿಕ್ ಕೂಡಿಡುವ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸುವ ಕೆಲಸವನ್ನು 2003ರಲ್ಲಿ ಪ್ರಕಟಿಸಿದರು. ನಮ್ಮಿಂದ ಎರಡು ಗಂಟೆಯ ಬಸ್ಸಿನ ದಾರಿಯಲ್ಲಿ ಇಂಥ ಕೆಲಸ ನಡೆದಿದೆ ಎಂದು ಎಷ್ಟು ಜನರಿಗೆ ಗೊತ್ತು! ದಸರಾ ಆನೆಯ ತೂಕವಾದರೆ ಮಕ್ಕಳಿಗೆ ಬಾಯಿಪಾಠ.

ಈಗ ಅಂಗಡಿಯಲ್ಲಿ ಕಾಂಪೋಸ್ಟಬಲ್ ಎಂಬ ಕವರೂ ಸಿಗುತ್ತದೆ. ಕೊಳ್ಳುವವರು ಅದರ ಮೇಲೆ ಐಎಸ್/ಐಎಸ್ಒ 17088 ಎಂಬ ಸಂಖ್ಯೆಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರವೂ ಇದೆಯೇ ಎಂದು ನೋಡಬೇಕು. ಹಸಿರು ಎಲೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆ ಸಂಖ್ಯೆ ಇದ್ದರೂ ಒಂದು ಷರತ್ತಿದೆ. ಅದರ ಪರೀಕ್ಷೆ ನಡೆಯುವುದು 58 ಡಿಗ್ರಿ ಶಾಖದ ಗೊಬ್ಬರದಲ್ಲಿ, ದೊಡ್ಡ ಗೊಬ್ಬರ ಘಟಕಗಳ ರಾಶಿಯೊಳಗೆ ಇರುವಂಥ ಬಿಸಿಯಲ್ಲಿ. ನಮ್ಮ ಹಿತ್ತಲಿನ ಗುಂಡಿ ಅಷ್ಟು ಕಾಯುವುದು ಅಪರೂಪ.

ಶಾಲೆಯ ಹಿಂದಿನ ಗುಂಡಿಯಲ್ಲಿ ಒಂದು ಜೂನ್ ತಿಂಗಳು ಮಕ್ಕಳ ಕೈಯಲ್ಲಿ ನಾಲ್ಕು ವಸ್ತು ಹೂಳಿಸಿದೆ: ಮುತ್ತುಗದ ಎಲೆ, ಹಳೆಯ ಪ್ರಶ್ನೆಪತ್ರಿಕೆ, ಎಲೆಯ ಚಿತ್ರದ ಡಿಗ್ರೇಡಬಲ್ ಕವರು, ಸಂಖ್ಯೆ ಇದ್ದ ಕಾಂಪೋಸ್ಟಬಲ್ ಕವರು. ಡಿಸೆಂಬರಿನಲ್ಲಿ ತೆಗೆದರೆ ಎಲೆ ಇಲ್ಲ, ಪ್ರಶ್ನೆಪತ್ರಿಕೆಯೂ ಇಲ್ಲ (ಮಕ್ಕಳಿಗೆ ಇದೇ ಎಲ್ಲಕ್ಕಿಂತ ಖುಷಿ). ಮೂರನೆಯದು ಹೂತ ಹಾಗೇ ಇತ್ತು, ಮೇಲಿನ ಎಲೆಯ ಹಸಿರು ಕೂಡ ಮಾಸಿರಲಿಲ್ಲ. ನಾಲ್ಕನೆಯದರಲ್ಲಿ ಹುಳು ತಿಂದಂತೆ ದೊಡ್ಡ ದೊಡ್ಡ ತೂತು, ಮುಟ್ಟಿದರೆ ಹಿಸಿಯುತ್ತಿತ್ತು, ಹಿಡಿ ಮಾತ್ರ ಗಟ್ಟಿಯಾಗಿತ್ತು. ಒಬ್ಬ ಹುಡುಗಿ ಕೇಳಿದಳು, "ಮಿಸ್, ಇದು ಕರಗೋದಕ್ಕೆ ಶುರು ಮಾಡಿರೋದಾ, ಇಲ್ಲ ಅರ್ಧಕ್ಕೆ ನಿಲ್ಲಿಸಿರೋದಾ?" ಮತ್ತೆ ಹೂಳಿಸಿದೆ.

ಕವರಿನ ಮಾತಾದರೂ ಒಂದು ದಾರಿಗೆ ಬಂದೀತು, ಬಟ್ಟೆ ಚೀಲ ಒಯ್ದರೆ ಮುಗಿಯಿತು. ಕರಗುವ ಪ್ಲಾಸ್ಟಿಕ್ಕು ನಿಜವಾಗಿ ಬೇಕಾಗಿರುವುದು ಹೊಲಕ್ಕೆ. ಬೇಗೂರು, ತೆರಕಣಾಂಬಿ, ಹಂಗಳದ ಕಡೆ ಹೋದರೆ ನೋಡಿ, ಟೊಮೆಟೊ ಕಲ್ಲಂಗಡಿ ಹೊಲಗಳಲ್ಲಿ ಸಾಲುದ್ದಕ್ಕೂ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು ಹಾಸಿರುತ್ತಾರೆ. ತೂತು ಮಾಡಿ ಸಸಿ ನೆಡುವುದು. ಮಳೆ ಕಡಿಮೆಯ ನಮ್ಮ ಸೀಮೆಯಲ್ಲಿ ಅದು ನೆಲದ ತೇವ ಹಿಡಿದಿಡುತ್ತದೆ, ಕಳೆ ಬರಗೊಡುವುದಿಲ್ಲ. ಕಳೆ ಕೀಳುವವರು ಯಾರು? ಹೆಂಗಸರೇ. ಬಿಸಿಲಲ್ಲಿ ಕುಕ್ಕರಗಾಲಲ್ಲಿ ದಿನವಿಡೀ ಕುಳಿತು ಕಳೆ ಕಿತ್ತ ಸೊಂಟಗಳಿಗೆ ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಬೆಳೆ ಮುಗಿದ ಮೇಲೆ ಆ ಶೀಟನ್ನು ಎತ್ತುವ ಕೆಲಸವೂ ಅವರದೇ. ತಲೆಗೂದಲಿಗಿಂತ ತೆಳುವಾದದ್ದು, ಬಿಸಿಲಿಗೆ ಪೆಡಸಾಗಿ ಎಳೆದಲ್ಲೆಲ್ಲ ಹರಿಯುತ್ತದೆ. ತೆರಕಣಾಂಬಿಯ ಹತ್ತಿರ ನನ್ನ ನಾದಿನಿಯ ಹೊಲದಲ್ಲಿ ಕೆಲಸಕ್ಕೆ ಬರುವ ಹೆಂಗಸೊಬ್ಬಳು ಒಂದು ಹಿಡಿ ಮಣ್ಣು ಎತ್ತಿ ತೋರಿಸಿದಳು, ಅದರ ತುಂಬ ಬೆಳ್ಳಿ ಚೂರು. "ಎಲ್ಗೂ ಹೋಗದಿಲ್ಲ ಕನ ಮೇಡಮ್ಮು, ಚೂರಾಯ್ತದ ಅಷ್ಟೇಯ" ಎಂದಳು. ನಾನು ತಿಂಗಳುಗಟ್ಟಲೆ ಓದಿ ತಿಳಿದದ್ದು ಅವಳ ಬೊಗಸೆಯಲ್ಲಿತ್ತು.

ಹೊಲದಲ್ಲೇ ಕರಗುವ ಶೀಟು ಇಲ್ಲದಿಲ್ಲ. ಜರ್ಮನಿಯ ಬಿಎಎಸ್‌ಎಫ್ ಕಂಪನಿ 1998ರಲ್ಲಿ ಇಕೋಫ್ಲೆಕ್ಸ್ ಎಂಬ ವಸ್ತು ತಂದಿತು. ಪಿಬಿಎಟಿ ಎಂದು ಅದರ ಜಾತಿ. ವಿಚಿತ್ರವೆಂದರೆ ಅದು ಮಾಡಲ್ಪಟ್ಟದ್ದು ಪೆಟ್ರೋಲಿಯಂನಿಂದ. ಹೊಲಿಗೆ ದಾರದಲ್ಲಿದ್ದಂಥ ಕೊಂಡಿಗಳು ಅದರಲ್ಲಿರುವುದರಿಂದ ಸೂಕ್ಷ್ಮಜೀವಿಗಳು ಅದನ್ನು ತಿನ್ನಬಲ್ಲವು. ಯಾವುದರಿಂದ ಹುಟ್ಟಿತು ಎನ್ನುವುದಕ್ಕಿಂತ ಹೇಗೆ ಕಟ್ಟಲ್ಪಟ್ಟಿದೆ ಎನ್ನುವುದು ಮುಖ್ಯ. 2018ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಜ್ಞಾನಿಗಳು ಈ ಪ್ಲಾಸ್ಟಿಕ್ಕಿನ ಇಂಗಾಲಕ್ಕೆ ಗುರುತು ಹಾಕಿ ಮಣ್ಣಿಗೆ ಸೇರಿಸಿದರು; ಆ ಗುರುತು ಸೂಕ್ಷ್ಮಜೀವಿಗಳ ಮೈಯಲ್ಲೇ ಸಿಕ್ಕಿತು. ಚೂರಾದದ್ದಲ್ಲ, ಜೀರ್ಣವಾದದ್ದು ಎಂಬುದಕ್ಕೆ ಅದು ಸಾಕ್ಷಿ. ಅದೇ ವರ್ಷ ಯುರೋಪಿನಲ್ಲಿ ಇಂಥ ಶೀಟುಗಳಿಗೆ ಒಂದು ಮಾನದಂಡ ಬಂತು: ಹೊಲದ ಮಣ್ಣಿನ ಸಾಧಾರಣ ಶಾಖದಲ್ಲಿ ಎರಡು ವರ್ಷದೊಳಗೆ ನೂರಕ್ಕೆ ತೊಂಬತ್ತು ಪಾಲು ಇಂಗಾಲದ ಡೈ ಆಕ್ಸೈಡ್ ಆಗಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೌಶಿಕ್ ಚಟರ್ಜಿ ಮತ್ತು ಅವರ ವಿದ್ಯಾರ್ಥಿ ಇಂದ್ರನೀಲ್ ಚಕ್ರವರ್ತಿ 2022ರಲ್ಲಿ ಇನ್ನೊಂದು ದಾರಿ ತೋರಿಸಿದರು. ಬೆಳೆ ಕೊಯ್ದ ಮೇಲೆ ಉಳಿಯುವ ಕೂಳೆಯಿಂದ ತೆಗೆದ ಸೆಲ್ಯುಲೋಸು ಮತ್ತು ಹರಳೆಣ್ಣೆ, ಇವೆರಡನ್ನು ಬೆಸೆದು ಹಾಳೆ ಮಾಡಿದರು. ಎರಡರ ಪ್ರಮಾಣ ಏರಿಳಿಸಿದರೆ ಹಾಳೆಯ ಬಿಗಿ, ಬಾಗುವ ಗುಣ ಬದಲಾಗುತ್ತದೆ; ಮತ್ತೆ ಅದೇ ಹೂರಣ ಕಣಕದ ಲೆಕ್ಕ. ಹರಳು ನಮ್ಮ ಕಡೆ ಹೊಲದ ಬದುವಿನಲ್ಲಿ ತಾನಾಗಿ ನಿಂತಿರುವ ಗಿಡ. ಕೂಸಿನ ನೆತ್ತಿಗೆ, ಬಾಣಂತಿಯ ಮೈಗೆ ಅದೇ ಎಣ್ಣೆ.

ಇದನ್ನೆಲ್ಲ ನಾದಿನಿಗೆ ಹೇಳಿದೆ. ಅವಳು ಎಲ್ಲ ಕೇಳಿ, ಕೈಯ ಮಣ್ಣು ಒರೆಸಿಕೊಂಡು, ಎರಡೇ ಮಾತು ಕೇಳಿದಳು. "ರೇಟು ಎಷ್ಟಾಗುತ್ತೆ ಅತ್ತಿಗೆ? ಕಲ್ಲಂಗಡಿಗಾದರೆ ಮೂರು ತಿಂಗಳು ಸಾಕು, ಅರಿಶಿಣಕ್ಕೆ ಒಂಬತ್ತು ತಿಂಗಳು ಬೇಕು. ಅಲ್ಲೀ ಗಂಟ ನಿಲ್ಲುತ್ತಾ?" ಯುರೋಪಿನ ತಣ್ಣನೆಯ ಮಣ್ಣಿಗೆ ಹಾಕಿದ ಎರಡು ವರ್ಷದ ಗಡುವು ಏಪ್ರಿಲ್ ಬಿಸಿಲಿಗೆ ಕಾದು ಕೆಂಪಾಗುವ ನಮ್ಮ ನೆಲದಲ್ಲಿ ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಅವಳ ಪ್ರಶ್ನೆ. ಬೇಗ ಕರಗಿದರೆ ಕಳೆ, ತಡವಾದರೆ ಮತ್ತೆ ಚೂರು. ಮಾಮೂಲಿ ಶೀಟಿಗಿಂತ ದುಡ್ಡು ಹೆಚ್ಚು ಎಂದು ಕೇಳಿ ಮುಖ ಹುಳ್ಳಗೆ ಮಾಡಿದಳು. ಆಮೇಲೆ ಅವಳೇ, ಚೂರು ಆಯುವ ಕೂಲಿಯನ್ನು ಬೆರಳು ಮಡಿಸಿ ಎಣಿಸಿ, ನಾಲ್ಕು ಸಾಲಿಗೆ ಆಗುವಷ್ಟು ತರಿಸೋಣ, ಪಕ್ಕದ ನಾಲ್ಕು ಸಾಲಿಗೆ ಭತ್ತದ ಹುಲ್ಲು ಹೊದಿಸೋಣ ಎಂದಳು. ಅರಿಶಿಣದ ನಾಟಿ ಮೇ ತಿಂಗಳಲ್ಲಿ. ಕೀಳುವುದು ಸಂಕ್ರಾಂತಿ ಕಳೆದ ಮೇಲೆ.